ಒಡೆದ ಲೆಕ್ಕ

ಮ್ಜುಜು ಊರಿನ ಕಾಲೇಜಿನಲ್ಲಿ ನಾನು ಉಗ್ರಾಣದ ಚಿರಾಂಬೊ.
ರಸಾಯನಶಾಸ್ತ್ರದ ಬೀರುಗಳ ಕೀಲಿಕೈ
ಹತ್ತೊಂಬತ್ತು ವರ್ಷ ನನ್ನ ಸೊಂಟದಲ್ಲಿ,
ರಾತ್ರಿ ದಿಂಬಿನಡಿ.
ಯಾವ ಅರಮನೆಯ ಭಂಡಾರವೋ, ಎಂದು ನಗುತ್ತಿದ್ದಳು ಹೆಂಡತಿ.

ನನ್ನ ರಿಜಿಸ್ಟರು ನೋಡಬೇಕಿತ್ತು ನೀವು.
ಬ್ಯುರೆಟ್ಟು ನಲವತ್ತು, ಪಿಪೆಟ್ಟು ಅರುವತ್ತು,
ಗಾಜಿನ ಮನೆಯಲ್ಲಿ ವಾಸವಾಗಿರುವ ತಕ್ಕಡಿ ಒಂದು.
ಒಡೆದದ್ದು: ಸೊನ್ನೆ.
ಮರುವರ್ಷ: ಸೊನ್ನೆ.
ದುಂಡಗೆ ಬರೆಯುತ್ತಿದ್ದೆ, ಕೋಳಿಮೊಟ್ಟೆಯ ಹಾಗೆ.
ಕಾವಿಗೆ ಯಾರೂ ಕೂರದ ಮೊಟ್ಟೆ.

ಮೂರು ವರ್ಷಕ್ಕೊಮ್ಮೆ ರಾಜಧಾನಿಯಿಂದ ಗುಣಮಟ್ಟದ ಸಮಿತಿ.
ಬೀರು ತೆರೆದು ನಿಲ್ಲುತ್ತಿದ್ದೆ. ಮಿರಮಿರ ಮಿಂಚುತ್ತಿತ್ತು ಗಾಜು.
ಸುಸಜ್ಜಿತ, ಎಂದು ಬರೆದುಕೊಂಡು
ನ್ಸಿಮಾ ಮುದ್ದೆ, ಹುರಿದ ಉಸಿಪಾ ಮೀನು ಉಂಡು ಹೊರಡುತ್ತಿದ್ದರು.
ಮಕ್ಕಳೋ,
ಕಪ್ಪುಹಲಗೆಯ ಸೀಮೆಸುಣ್ಣದ ಬ್ಯುರೆಟ್ಟಿನಿಂದ
ಸೀಮೆಸುಣ್ಣದ ಹನಿಯೊಂದನ್ನು
ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು.
ಬೀಳದೆ ನೇತಾಡುತ್ತಿತ್ತು ಆ ಹನಿ, ವರ್ಷವರ್ಷವೂ.
ಉತ್ತರ ೨೩.೪. ಅಣ್ಣನಿಗೂ ಅದೇ, ತಂಗಿಗೂ ಅದೇ.
ಕೋಲೂ ಮುರಿಯಲಿಲ್ಲ, ಹಾವೂ ಸಾಯಲಿಲ್ಲ.

ಆಮೇಲೆ ಬಂದಳು ಲುಸುಂಗು ಮ್ಸಿಸ್ಕಾ,
ಕರೊಂಗಾ ಕಡೆಯವಳು, ಕುಳ್ಳಿ, ಕಂಠ ಮಾತ್ರ ಗಂಟೆ.
ಮೊದಲ ದಿನವೇ ಅಂಗೈ ಚಾಚಿದಳು.
ಒಡೆಯುತ್ತಾರೆ ಮೇಡಂ, ಎಂದೆ.
ಮತ್ತೆ ಅರುವತ್ತು ಯಾಕೆ ಕೊಟ್ಟಿದ್ದಾರೆ? ಎಂದಳು.
ಎರಡು ಕಡೆ ಸಹಿ ಹಾಕಿಸಿಕೊಂಡೇ ಕೊಟ್ಟೆ.

ಅವತ್ತು ಕರೆಂಟಿರಲಿಲ್ಲ.
ಕಿಟಕಿಯ ಬೆಳಕಿಗೆ ಮೇಜು ಎಳೆದರು.
ನ್ಖಾಟಾ ಬೇಯಿಂದ ಮಿನಿಬಸ್ಸಿಗೆ ಬರುವ ತೆಮ್ವಾ
ಎಣ್ಣೆಡಬ್ಬಿಯೊಂದರಲ್ಲಿ ಸರೋವರದ ನೀರು,
ಇನ್ನೊಂದರಲ್ಲಿ ಕೇರಿಯ ಕೊಳವೆಬಾವಿಯ ನೀರು ತಂದಿದ್ದಳು.
ಇದಕ್ಕೆ ಸೋಪು ಯಾಕೆ ನೊರೆಯಾಗಲ್ಲ ಅಂತ ಅಜ್ಜಿ ಕೇಳ್ತಾಳೆ, ಎಂದಳು.

ವೈನಿನ ಕೆಂಪು.
ಒಂದು ಹನಿ, ಇನ್ನೊಂದು, ಮತ್ತೊಂದು,
ಥಟ್ಟನೆ ನೀಲಿ!
ನನಗೆ ಗೊತ್ತೇ ಇರಲಿಲ್ಲ.
ಹತ್ತೊಂಬತ್ತು ವರ್ಷ
ಈ ನೀಲಿಗೆ ನಾನು ಬೀಗ ಹಾಕಿಟ್ಟಿದ್ದೆ.

ಯಾರಿಗೂ ೨೩.೪ ಬರಲಿಲ್ಲ.
ಒಂದೇ ಡಬ್ಬಿಯ ನೀರಿಗೆ ನಾಲ್ಕು ಉತ್ತರ.
ಯಾರದು ಸರಿ ಮೇಡಂ? ಹೇಳಲಿಲ್ಲ ಅವಳು.
ನನ್ನ ಕಣ್ಣು ಗೆರೆಗಿಂತ ಮೇಲಿತ್ತೇನೋ, ಎಂದ ಖುಂಬೊ,
ಮತ್ತೆ ಬಗ್ಗಿ ನೋಡಹೋಗಿ ಮೊಣಕೈ ತಗುಲಿಸಿದ. ಠಳ್.
ಇಡೀ ತರಗತಿ ತಿರುಗಿ ನೋಡಿದ್ದು ನನ್ನ ಮುಖವನ್ನು.
ಪೊರಕೆ ತಂದೆ. ಮತ್ತೇನು ಮಾಡಲಿ?

ಆ ವರ್ಷ ಒಡೆದದ್ದು ಹದಿನೇಳು.
ಪಾಸಾದವರೂ ಕಡಿಮೆ; ಕಾಪಿ ಹೊಡೆದ ೨೩.೪ಕ್ಕೆ
ಅವಳು ಅಂಕ ಕೊಡಲಿಲ್ಲ.
ಸಮಿತಿಯ ಹಿರಿಯರು ಕನ್ನಡಕ ಹಣೆಗೇರಿಸಿ,
ಇಳಿಮುಖ, ಎಂದರು. ಪ್ರಿನ್ಸಿಪಾಲರು ಬೆವರಿದರು.
ಏನಯ್ಯಾ ಉಗ್ರಾಣ, ನಿನ್ನ ಕಾಲದಲ್ಲಿ ಇಂಥದ್ದು ಇತ್ತೇ?

ಭಾಷಣ ನನಗೆ ಬಾರದು.
ಆಗ ಗಾಜು ಒರೆಸುತ್ತಿದ್ದೆ ಸಾರ್, ಎಂದೆ.
ಈಗ ತೊಳೆಯುತ್ತೇನೆ.

ಅವರು ಏನೋ ಬರೆದುಕೊಂಡರು,
ಹಾಳೆಯನ್ನು ತಮ್ಮ ಕಡೆಗೇ ವಾಲಿಸಿಕೊಂಡು.
ಫಲಿತಾಂಶ ಇನ್ನೂ ಬಂದಿಲ್ಲ.
ಲುಸುಂಗುವನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.

ಕೀಲಿಕೈ ಈಗ ಬಾಗಿಲ ಮೊಳೆಯಲ್ಲಿದೆ.
ನಡುರಾತ್ರಿ ಕೈ ಮಾತ್ರ ದಿಂಬಿನಡಿ ಹುಡುಕುತ್ತದೆ.
ರಿಜಿಸ್ಟರಿನಲ್ಲಿ ‘ಕಾರಣ’ ಎಂಬ ಕಾಲಂ ಇತ್ತೆಂದು
ಈಚೆಗೆ ಕಂಡುಕೊಂಡೆ. ಇಕ್ಕಟ್ಟು ಜಾಗ, ಸಣ್ಣಕ್ಷರ ಬೇಕು.

ಅಜ್ಜಿಯ ಸೋಪು ಇನ್ನೂ ನೊರೆಯಾಗುತ್ತಿಲ್ಲ.
ಮಕ್ಕಳು ಬರೆದ ಕಾಗದಕ್ಕೆ ನೀರಿನ ಇಲಾಖೆ ಉತ್ತರಿಸಿಲ್ಲ.
ಆದರೆ ಯಾಕೆ ಆಗುವುದಿಲ್ಲ ಅನ್ನುವುದನ್ನು
ದಡದಲ್ಲಿ ಮೀನು ಒಣಗಿಸುವ ಹೆಂಗಸರಿಗೆ
ಮುದುಕಿ ಈಗ ಪಾಠ ಮಾಡುತ್ತಾಳಂತೆ,
ಬೆರಳ ತುದಿಯಿಂದ ಒಂದೊಂದೇ ಹನಿ ಬೀಳಿಸಿ ತೋರಿಸುತ್ತ.